ಸಾರ್ವಜನಿಕ ಭೂಮಿ ಮತ್ತು ದಾನದ ಅಧಿಕಾರ

ಹುಮನಾಬಾದಿನಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಸಂಧಿಸುತ್ತವೆ. ಒಂದು, ಪುಣೆಯಿಂದ ಸೊಲ್ಲಾಪುರದ ಮೇಲೆ ಹಾಯ್ದು ಹೈದರಾಬಾದಿನ ಕಡೆಗೆ ಸಾಗುವ 65ನೆಯ ಸಂಖ್ಯೆಯದು. ಬಸವಕಲ್ಯಾಣದ ಜನ ಹುಮನಾಬಾದಿಗೆ ಬರುವುದೂ ಇದೇ ದಾರಿಯಿಂದ. ಇನ್ನೊಂದು, ನಾಂದೇಡದಿಂದ ಬೀದರಿನ ಮೂಲಕ ಇಳಿದು ಕಲಬುರಗಿ, ವಿಜಯಪುರ, ಹೊಸಪೇಟೆಗಳನ್ನು ದಾಟಿ ಚಿತ್ರದುರ್ಗದಲ್ಲಿ ಕೊನೆಗೊಳ್ಳುವ 50ನೆಯ ಸಂಖ್ಯೆಯದು. ಮೊದಲನೆಯ ದಾರಿಯನ್ನು ಹಿಡಿದು ಪೂರ್ವಕ್ಕೆ ಸುಮಾರು 100 ಕಿಲೋಮೀಟರ್ ನಡೆದರೆ ಸಂಗಾರೆಡ್ಡಿಯ ಬಳಿಯ ಕಂದಿ ಎಂಬ ಊರಿನಲ್ಲಿ ಹೈದರಾಬಾದಿನ ಐ.ಐ.ಟಿ. ಇದೆ. ಅದರ ಆವರಣದಲ್ಲಿ ಚಾಲಕರಹಿತ ವಾಹನಗಳನ್ನು ಪರೀಕ್ಷಿಸುವ ‘ತಿಹಾನ್’ ಎಂಬ ಕೇಂದ್ರವು 2022ರ ಜುಲೈ 4ರಂದು ಉದ್ಘಾಟನೆಗೊಂಡಿತು. ಎರಡನೆಯ ದಾರಿಯ ತುದಿಯ ಚಿತ್ರದುರ್ಗ ಜಿಲ್ಲೆಯಲ್ಲಿ, ಚಳ್ಳಕೆರೆ ತಾಲೂಕಿನ ಹುಲ್ಲುಗಾವಲಿನ ಮೇಲೆ, ಚಾಲಕನಿಲ್ಲದ ವಿಮಾನಗಳ ಪರೀಕ್ಷಾ ಕ್ಷೇತ್ರವಿದೆ. ಎರಡು ಪ್ರಯೋಗಶಾಲೆಗಳ ನಡುವಿನ ಕವಲುದಾರಿಯಲ್ಲಿ ಹುಮನಾಬಾದು ನಿಂತಿದೆ ಎಂದರೆ ಅತಿಶಯೋಕ್ತಿಯಾಗದು.

ಇಂಥ ಪರೀಕ್ಷೆಗಳಿಗಾಗಿ ಸಾರ್ವಜನಿಕ ಭೂಮಿಯನ್ನು ‘ಹಂಚಿಕೊಳ್ಳಬೇಕು’ ಎಂಬ ಮಾತು ಈಗ ದೇಶವಿದೇಶಗಳಲ್ಲಿ ಕೇಳಿಬರುತ್ತಿದೆ. ಹಂಚಿಕೊಳ್ಳುವುದು ಎಂಬುದು ಕಿವಿಗೆ ಹಿತವಾದ ಪದ. ಮನೆಯಲ್ಲಿ ರೊಟ್ಟಿಯನ್ನು ಹಂಚಿಕೊಳ್ಳುತ್ತೇವೆ, ಊರಿನಲ್ಲಿ ಬಾವಿಯ ನೀರನ್ನು ಹಂಚಿಕೊಳ್ಳುತ್ತೇವೆ. ಹಂಚಿಕೊಂಡ ಮೇಲೆಯೂ ಇಬ್ಬರಿಗೂ ಏನಾದರೂ ಉಳಿದಿರುತ್ತದೆ ಎಂಬುದು ಆ ಪದದ ಒಳಗಿನ ಭರವಸೆ. ಒಬ್ಬನಿಗೆ ಎಲ್ಲವೂ ಸಂದು ಮತ್ತೊಬ್ಬನು ಬೇಲಿಯ ಹೊರಗೆ ನಿಂತರೆ ಅದನ್ನು ಯಾವ ಹೆಸರಿನಿಂದ ಕರೆಯಬೇಕು? ಈ ಪ್ರಶ್ನೆಯು ಯಂತ್ರಶಾಸ್ತ್ರಕ್ಕೆ ಸೇರಿದುದಲ್ಲ. ಯಂತ್ರವು ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆಗಿಂತ ಮೊದಲು, ಅದಕ್ಕೆ ನೆಲವನ್ನು ಕೊಡುವ ಕೈ ಯಾರದು ಎಂಬುದನ್ನು ವಿಚಾರಿಸಬೇಕಾಗಿದೆ.

ಚಳ್ಳಕೆರೆಯ ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಅಲ್ಲಿನ ವರವು ಕಾವಲು, ಕುದಾಪುರ ಕಾವಲು, ಉಳ್ಳಾರ್ತಿ ಕಾವಲುಗಳು ಅಮೃತಮಹಲ್ ಕಾವಲುಗಳೆಂದು ಹೆಸರಾದ ಹುಲ್ಲುಗಾವಲುಗಳು. ಮೈಸೂರಿನ ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ಯಿಂದ ಬೆಳೆದು, ಟಿಪ್ಪು ಸುಲ್ತಾನನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆದ ಗೋಸಂಪತ್ತಿಗಾಗಿ ಮೀಸಲಾದ ನೆಲ ಅದು. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಋತುಮಾನಕ್ಕೆ ತಕ್ಕಂತೆ ಅವನ್ನು ವಿಂಗಡಿಸಿದ್ದರು. ಸರ್ಕಾರದ ದನಗಳೂ ಸುತ್ತಣ ಊರುಗಳ ದನಕುರಿಗಳೂ ಆ ಹುಲ್ಲನ್ನೇ ನಂಬಿದ್ದವು. ಚಳ್ಳಕೆರೆಯ ಕಂಬಳಿಯನ್ನು ಬಲ್ಲವರಿಗೆ ಆ ಕಂಬಳಿಯ ಉಣ್ಣೆ ಎಲ್ಲಿಂದ ಬರುತ್ತದೆಂದು ಹೇಳಬೇಕಾಗಿಲ್ಲ. ಹುಲ್ಲು ಕುರಿಯಾಗಿ, ಕುರಿ ಉಣ್ಣೆಯಾಗಿ, ಉಣ್ಣೆ ನೂಲಾಗಿ, ನೂಲು ಮಗ್ಗಕ್ಕೇರಿ ಒಂದು ಸೀಮೆಯ ಜೀವನವೇ ನಡೆದುಬಂದಿತ್ತು. ಆ ಬಯಲಿನಲ್ಲಿ ಕೃಷ್ಣಮೃಗಗಳಿದ್ದವು, ‘ಎರೆಭೂತ’ ಎಂದು ಜನರು ಕರೆಯುವ ಅಪರೂಪದ ಹಕ್ಕಿಯ ನೆಲೆಯೂ ಅದಾಗಿತ್ತು.

2007ರ ನಂತರದ ಕೆಲವೇ ವರ್ಷಗಳಲ್ಲಿ ಈ ಕಾವಲುಗಳಿಂದ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಬಾಹ್ಯಾಕಾಶ ಸಂಸ್ಥೆಗೆ 573 ಎಕರೆ ಭೂಮಿ ಹಂಚಿಕೆಯಾಯಿತು. ಸುತ್ತಲಿನ ಅನೇಕ ಹಳ್ಳಿಗರಿಗೆ ಈ ಸಂಗತಿ ಖಚಿತವಾದದ್ದು ಗೋಡೆ ಏಳತೊಡಗಿದಾಗ. ಪ್ರಕರಣವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು; 2013ರಲ್ಲಿ ಸತ್ಯಶೋಧನ ಸಮಿತಿ ನೇಮಕವಾಯಿತು; 2014ರ ಆಗಸ್ಟ್‌ನಲ್ಲಿ ತೀರ್ಪು ಬಂದಿತು. ಯೋಜನೆಗಳು ಮುಂದುವರಿದವು. ವೈಮಾನಿಕ ಪರೀಕ್ಷಾ ಕ್ಷೇತ್ರವು 2017ರ ಮೇ 28ರಂದು ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತು.

ಅಲ್ಲಿ ನಡೆದ ಸಾಧನೆಗಳು ಸಾಮಾನ್ಯವಾದುವಲ್ಲ. ಚಾಲಕನಿಲ್ಲದ ಪುಟ್ಟ ವಿಮಾನವೊಂದು 2022ರ ಜುಲೈ 1ರಂದು ತಾನಾಗಿಯೇ ಮೇಲೇರಿ, ಹಾರಿ, ತಾನಾಗಿಯೇ ಇಳಿಯಿತು. 2023ರ ಏಪ್ರಿಲ್ 2ರಂದು ಬಾಹ್ಯಾಕಾಶ ಸಂಸ್ಥೆಯು ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತನ್ನ ದಾರಿಯನ್ನು ತಾನೇ ಕಂಡುಕೊಂಡು ಓಡುದಾರಿಗೆ ಬಂದಿಳಿಯಿತು. 2024ರಲ್ಲಿ ಇಂಥ ಪ್ರಯೋಗ ಮತ್ತೆ ಎರಡು ಬಾರಿ ಯಶಸ್ವಿಯಾಯಿತು. ಭಾರತೀಯನಾದವನಿಗೆ ಇದರಿಂದ ಹೆಮ್ಮೆಯಾಗುವುದು ಸಹಜ, ಈ ಲೇಖಕನಿಗೂ ಆಗಿದೆ. ಆದರೆ 2019ರ ಸೆಪ್ಟೆಂಬರ್ 17ರಂದು ಚಳ್ಳಕೆರೆ ತಾಲೂಕಿನ ಜೋಡಿಚಿಕ್ಕೇನಹಳ್ಳಿಯ ಬಳಿಯೂ, 2023ರ ಆಗಸ್ಟ್ 20ರಂದು ಹಿರಿಯೂರು ತಾಲೂಕಿನ ವದ್ದಿಕೆರೆಯ ಬಳಿಯೂ ಚಾಲಕರಹಿತ ವಿಮಾನಗಳು ಹೊಲಗಳಲ್ಲಿ ಬಿದ್ದು ಚೂರಾದವು. ಪುಣ್ಯವಶಾತ್ ಯಾರ ಪ್ರಾಣವೂ ಹೋಗಲಿಲ್ಲ. ಎರಡೂ ಬಾರಿ ಅವು ಬಿದ್ದದ್ದು ಗೋಡೆಯ ಹೊರಗೆ ಎಂಬುದನ್ನು ಮಾತ್ರ ವಾಚಕರು ಗಮನಿಸಬೇಕು. ಹುಲ್ಲನ್ನು ಕಳೆದುಕೊಂಡವರೇ ಅಪಾಯದ ಪಾಲನ್ನೂ ಹೊರಬೇಕಾಯಿತು.

ಇಲ್ಲಿ ದಾನದ ಲಕ್ಷಣವನ್ನು ನೆನೆಯುವುದು ಅಪ್ರಸ್ತುತವಾಗಲಾರದು. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ದಾನವನ್ನು ವಿವರಿಸುವಾಗ, ಉಪಕಾರದ ಉದ್ದೇಶದಿಂದ ‘ಸ್ವ’ವನ್ನು, ಎಂದರೆ ತನ್ನದಾದುದನ್ನು, ಬಿಟ್ಟುಕೊಡುವುದೇ ದಾನವೆಂಬ ಅರ್ಥದಲ್ಲಿ ಹೇಳಿದ್ದಾರೆ. ಉಪಕಾರ ಎಂಬ ಅರ್ಧವನ್ನು ನಾವೆಲ್ಲರೂ ಚೆನ್ನಾಗಿ ನೆನಪಿಟ್ಟಿದ್ದೇವೆ. ‘ಸ್ವ’ ಎಂಬ ಒಂದಕ್ಷರದ ಭಾರವನ್ನು ಮರೆಯುತ್ತೇವೆ. ಅತ್ತಿಮಬ್ಬೆಯು ದಾನಚಿಂತಾಮಣಿಯಾದದ್ದು ಸ್ವಂತ ಸಂಪತ್ತನ್ನು ವ್ಯಯಿಸಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚುವಾಗ ಆಕೆ ನೆರೆಮನೆಯ ಕಣಜಕ್ಕೆ ಕೈಹಾಕಲಿಲ್ಲ. ತನ್ನದಲ್ಲದ್ದನ್ನು ಮತ್ತೊಬ್ಬರಿಗೆ ಕೊಟ್ಟವನ ಉದ್ದೇಶ ಎಷ್ಟೇ ಉದಾತ್ತವಾಗಿರಲಿ, ಅಲ್ಲಿ ದಾನ ಘಟಿಸುವುದಿಲ್ಲ. ಪಡೆದವನ ದೃಷ್ಟಿಯಿಂದ ಅದಕ್ಕೆ ಬೇರೆ ಹೆಸರಿದೆ. ಕೊಡತಕ್ಕವನು ಕೊಡದಿರುವುದನ್ನು ತೆಗೆದುಕೊಳ್ಳುವುದು ಅದತ್ತಾದಾನ.

ಸರ್ಕಾರಿ ಭೂಮಿ ಸರ್ಕಾರದ್ದಲ್ಲವೇ, ಅದನ್ನು ಕೊಡಲು ಸರ್ಕಾರಕ್ಕೆ ಅಧಿಕಾರವಿಲ್ಲವೇ ಎಂದು ಕೇಳಬಹುದು. ಕಾಗದದ ಮೇಲೆ ಇದೆ. ಆದರೆ ಈ ಪ್ರಶ್ನೆಯನ್ನು ನಮ್ಮ ಕಲ್ಯಾಣದಲ್ಲಿಯೇ, ಒಂಬೈನೂರು ವರ್ಷಗಳ ಹಿಂದೆ, ಒಬ್ಬ ಮಹಾ ವಿದ್ವಾಂಸನು ಆಲೋಚಿಸಿದ್ದನು. ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಇಂದಿನ ಬಸವಕಲ್ಯಾಣದ ನೆಲದ ಕೊಡುಗೆ. ಬ್ರಿಟಿಷರ ನ್ಯಾಯಾಲಯಗಳು ಅದನ್ನು ಆಸ್ತಿ ಹಂಚಿಕೆಯ ಗ್ರಂಥವೆಂದು ಪ್ರಸಿದ್ಧಪಡಿಸಿದ್ದರಿಂದ ಅದರ ಉಳಿದ ಭಾಗಗಳು ಮರೆಯಾಗಿವೆ. ದನದ ಒಡೆಯನಿಗೂ ಕಾಯುವವನಿಗೂ ಹುಟ್ಟುವ ವಿವಾದಗಳ ಪ್ರಕರಣದಲ್ಲಿ ಗೋಚರಭೂಮಿಯ ವಿಚಾರ ಬರುತ್ತದೆ. ಊರಿಗೂ ಹೊಲಗಳಿಗೂ ನಡುವೆ ನೂರು ಧನುಸ್ಸು, ಖರ್ವಟವೆಂಬ ದೊಡ್ಡ ಊರಿಗೆ ಇನ್ನೂರು, ನಗರಕ್ಕೆ ನಾನೂರು ಧನುಸ್ಸಿನಷ್ಟು ಜಾಗವನ್ನು ಬಿಡಬೇಕೆಂದು ಸ್ಮೃತಿಯ ವಿಧಿ. ಧನುಸ್ಸೆಂದರೆ ನಾಲ್ಕು ಮೊಳ. ಆ ಗೋಮಾಳವನ್ನು ಬಿಡುವುದು ಹೇಗೆ? ಗ್ರಾಮಸ್ಥರ ಇಚ್ಛೆಯಂತೆ, ಭೂಮಿಯ ಪ್ರಮಾಣವನ್ನು ನೋಡಿ, ಅಥವಾ ರಾಜನ ಆಜ್ಞೆಯಿಂದ. ರಾಜನ ಹೆಸರು ಅಲ್ಲಿದೆ, ನಿಜ. ಆದರೆ ಗ್ರಾಮಸ್ಥರ ಇಚ್ಛೆ ಅವನಿಗಿಂತ ಮೊದಲು ಬರುತ್ತದೆ. ಮತ್ತು ರಾಜನ ಆಜ್ಞೆಯೂ ಅಲ್ಲಿ ಗೋಮಾಳವನ್ನು ಬಿಡಿಸುವುದಕ್ಕಾಗಿ ಇರುವಂಥದು.

ಅದೇ ಗ್ರಂಥದ ದಾಯಭಾಗವನ್ನು ಸಾರ್ವಜನಿಕ ಭೂಮಿಗೆ ಅನ್ವಯಿಸಿ ನೋಡಿದರೆ ಇನ್ನಷ್ಟು ಬೆಳಕು ದೊರೆಯುತ್ತದೆ. ಪಿತ್ರಾರ್ಜಿತ ಸ್ಥಿರಾಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ. ತಂದೆ ಅದರ ಪಾಲಕನೇ ಹೊರತು ಮನಬಂದಂತೆ ಪರಭಾರೆ ಮಾಡುವ ಒಡೆಯನಲ್ಲ. ಗರ್ಭದಲ್ಲಿರುವ ಮತ್ತು ಮುಂದೆ ಹುಟ್ಟಲಿರುವ ಜೀವಿಗಳ ಹೊಟ್ಟೆಪಾಡನ್ನೂ ಅವನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ವಿಜ್ಞಾನೇಶ್ವರನ ನಿಲುವಿನ ಸಾರ. ಒಂದು ಮನೆಯ ಹೊಲಕ್ಕೆ ಇಷ್ಟು ಎಚ್ಚರಿಕೆಯಾದರೆ ಒಂದು ಸೀಮೆಯ ಹುಲ್ಲುಗಾವಲಿಗೆ ಎಷ್ಟು ಬೇಡ? ಮೀಮಾಂಸಕರು ಇದಕ್ಕಿಂತಲೂ ಮುಂದೆ ಹೋದರು. ಸರ್ವಸ್ವವನ್ನೂ ದಾನ ಮಾಡಬೇಕಾದ ವಿಶ್ವಜಿತ್ ಯಾಗದಲ್ಲಿ ಅರಸನು ಭೂಮಿಯನ್ನೂ ಕೊಡಬೇಕೇ ಎಂದು ಕೇಳಿ, ಭೂಮಿಯು ಎಲ್ಲರಿಗೂ ಸಮಾನವಾದುದರಿಂದ ಅದು ಅವನ ದಾನದ ವಸ್ತುವಾಗದು ಎಂದು ನಿರ್ಣಯಿಸಿದರು. ನಮಗೂ ಅವರಿಗೂ ಅನೇಕ ವಿಷಯಗಳಲ್ಲಿ ಭಿನ್ನಮತವಿದೆ, ಇಲ್ಲಿ ಇಲ್ಲ.

ಆದರೆ ವಿಜ್ಞಾನೇಶ್ವರನು ಅಪವಾದವನ್ನೂ ಒಪ್ಪಿದ್ದಾನೆ. ಆಪತ್ಕಾಲದಲ್ಲಿ, ಕುಟುಂಬದ ರಕ್ಷಣೆಗೆ, ಧರ್ಮಕಾರ್ಯಕ್ಕೆ ಒಬ್ಬನೇ ಸದಸ್ಯನೂ ಸ್ಥಿರಾಸ್ತಿಯನ್ನು ವಿನಿಯೋಗಿಸಬಹುದು. ದೇಶದ ರಕ್ಷಣೆಯು ಇಂಥ ಆಪತ್ತಿನೊಳಗೆ ಬರುತ್ತದೆಂದು ಚಳ್ಳಕೆರೆಯ ಪಕ್ಷವಾಗಿ ವಾದಿಸಬಹುದು, ಆ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆಪತ್ತು ಒದಗಿದಾಗಲೂ ಮನೆಯವರನ್ನು ಕೂರಿಸಿಕೊಂಡು ಸಂಗತಿ ಹೀಗಿದೆ ಎಂದು ಹೇಳುವುದು ಹಿರಿಯನ ಕರ್ತವ್ಯವಲ್ಲವೇ ಎಂಬುದಷ್ಟೇ ನನ್ನ ಆಕ್ಷೇಪ. ಮಾರಾಟಕ್ಕೆಂದು ತಯಾರಾಗುವ ಚಾಲಕರಹಿತ ಕಾರಿನ ವಿಷಯದಲ್ಲಿ ಮಾತ್ರ ಈ ಅಪವಾದದ ಬಾಗಿಲು ತೆರೆಯುವುದೇ ಇಲ್ಲ. ಅಲ್ಲಿ ಆಪತ್ತು ಯಾರಿಗೂ ಇಲ್ಲ, ಆತುರವಿದೆ.

ಬೇಲಿಯಿಂದ ಇಷ್ಟು ತೊಂದರೆಯಾಗುವುದಾದರೆ ಬೇಲಿ ಬೇಡ, ಇದ್ದ ರಸ್ತೆಗಳಲ್ಲಿಯೇ ಪರೀಕ್ಷೆ ನಡೆಯಲಿ ಎನ್ನುವವರಿದ್ದಾರೆ. ಅಮೆರಿಕದ ಅರಿಜೋನಾದಲ್ಲಿ ನಡೆದದ್ದು ಅದೇ. ಅಲ್ಲಿನ ಗವರ್ನರರು 2015ರಲ್ಲಿ ಆಜ್ಞೆಯೊಂದನ್ನು ಹೊರಡಿಸಿ ಇಂಥ ವಾಹನಗಳಿಗೆ ಸಾರ್ವಜನಿಕ ರಸ್ತೆಗಳನ್ನು ತೆರೆದುಕೊಟ್ಟರು. 2018ರ ಮಾರ್ಚ್ 18ರ ರಾತ್ರಿ ಟೆಂಪಿ ನಗರದಲ್ಲಿ ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಒಬ್ಬ ಹೆಣ್ಣುಮಗಳು ಊಬರ್ ಕಂಪನಿಯ ಪರೀಕ್ಷಾ ವಾಹನಕ್ಕೆ ಸಿಕ್ಕಿ ಮೃತಳಾದಳು. ಸಾರಿಗೆ ಸುರಕ್ಷತಾ ಮಂಡಳಿಯು 2019ರಲ್ಲಿ ಪ್ರಕಟಿಸಿದ ನಿರ್ಣಯಗಳು ನಮ್ಮಂಥವರಿಗೂ ಓದಲು ಯೋಗ್ಯವಾಗಿವೆ. ಯಂತ್ರವು ಆಕೆಯನ್ನು 5.6 ಸೆಕೆಂಡು ಮೊದಲೇ ಕಂಡಿತ್ತು. ಕಂಡರೂ ಅದಕ್ಕೆ ಆಕೆ ಏನೆಂದು ತಿಳಿಯಲಿಲ್ಲ. ವಾಹನವೆಂದಿತು, ಬೇರೊಂದು ವಸ್ತುವೆಂದಿತು, ಸೈಕಲ್ ಎಂದಿತು. ಹೆಸರನ್ನು ಬದಲಿಸಿದಾಗಲೆಲ್ಲ ಆಕೆ ಅಲ್ಲಿಯವರೆಗೆ ನಡೆದುಬಂದ ದಾರಿಯ ಲೆಕ್ಕವನ್ನು ಅಳಿಸಿಹಾಕಿ ಹೊಸದಾಗಿ ಎಣಿಸಿತು. ದಾಟುವ ಪಟ್ಟಿಯಿಲ್ಲದ ಕಡೆ ಮನುಷ್ಯರು ರಸ್ತೆಯನ್ನು ದಾಟಬಹುದೆಂಬ ಕಲ್ಪನೆಯೇ ಅದರ ತಂತ್ರಾಂಶದಲ್ಲಿ ಇರಲಿಲ್ಲ. ಒಳಗೆ ಕುಳಿತು ಮೇಲ್ವಿಚಾರಣೆ ಮಾಡಬೇಕಾದವರ ದೃಷ್ಟಿ ಫೋನಿನ ಮೇಲಿತ್ತು. ಕಂಪನಿಯ ಮೇಲೆ ಅಪರಾಧದ ಆರೋಪ ಹೊರಿಸಲಾಗದೆಂದು 2019ರಲ್ಲಿ ತೀರ್ಮಾನವಾಯಿತು; ಮೇಲ್ವಿಚಾರಕಿಯು 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷದ ನಿಗಾವಣೆಯ ಶಿಕ್ಷೆಗೆ ಒಳಗಾದಳು.

ಮುನಿಗಳ ಈರ್ಯಾಸಮಿತಿಯನ್ನು ಬಲ್ಲ ವಾಚಕರಿಗೆ ಈ ವೃತ್ತಾಂತದಲ್ಲಿ ಒಂದು ಸೂಕ್ಷ್ಮ ಕಾಣದಿರದು. ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತ, ಹಗಲಿನ ಬೆಳಕಿನಲ್ಲಿ, ಜನರು ನಡೆದ ದಾರಿಯಲ್ಲಿ ಹೆಜ್ಜೆಯಿಡುವ ಮುನಿಯು ಎದುರಿನ ಜೀವಿಯ ಜಾತಿಯನ್ನು ನಿರ್ಧರಿಸಿದ ಮೇಲೆ ಕಾಲನ್ನು ತಡೆಯುವುದಿಲ್ಲ. ಜೀವವಿದ್ದೀತು ಎಂಬ ಶಂಕೆಯೇ ಅವನನ್ನು ನಿಲ್ಲಿಸಲು ಸಾಕು. ಹೆಸರು ಆಮೇಲಿನ ಮಾತು. ಟೆಂಪಿಯ ಯಂತ್ರವು ಹೆಸರನ್ನು ಹುಡುಕುತ್ತ ಜೀವವನ್ನು ಕಳೆಯಿತು. ಹಿಂಸೆಗೆ ಪ್ರಮಾದವೇ ಮೂಲವೆಂದು ಶಾಸ್ತ್ರ ಹೇಳುತ್ತದೆ. ಯಂತ್ರಕ್ಕೆ ಮನಸ್ಸಿಲ್ಲ, ಆದ್ದರಿಂದ ಪ್ರಮಾದವೂ ಇಲ್ಲ. ಹಾಗಾದರೆ ಆ ರಾತ್ರಿಯ ಪ್ರಮಾದ ಎಲ್ಲಿತ್ತು? ಫೋನನ್ನು ನೋಡುತ್ತಿದ್ದ ಒಬ್ಬಳಲ್ಲಿ ಮಾತ್ರವಿತ್ತೆಂದು ನ್ಯಾಯಾಲಯಕ್ಕೆ ಹೇಳುವುದು ಸುಲಭ. ಪಟ್ಟಿಯಿಲ್ಲದ ಕಡೆ ದಾಟುವವರನ್ನು ಎಣಿಕೆಗೆ ತಾರದೆ ಲೆಕ್ಕ ಬರೆದವರಲ್ಲಿ, ದಾಟುವವರನ್ನು ಒಂದು ಮಾತೂ ಕೇಳದೆ ರಸ್ತೆಯನ್ನು ತೆರೆದವರಲ್ಲಿ ಅದು ಅದಕ್ಕೂ ಮೊದಲೇ ಇತ್ತು.

ಹುಮನಾಬಾದಿನ ಹೆದ್ದಾರಿಯನ್ನು ಕಣ್ಣಮುಂದೆ ತಂದುಕೊಳ್ಳಿರಿ. ಕಬ್ಬು ಹೇರಿದ ಟ್ರ್ಯಾಕ್ಟರು, ಹಿಂದೆ ದೀಪವಿಲ್ಲದ ಬಂಡಿ, ಹಟ್ಟಿಗೆ ಮರಳುವ ಕುರಿಯ ಹಿಂಡು, ಮಾಣಿಕನಗರದ ಜಾತ್ರೆಗೆ ನಡೆದು ಹೋಗುವವರು, ತಲೆಯ ಮೇಲೆ ತೊಗರಿಕಟ್ಟಿಗೆಯ ಹೊರೆ ಹೊತ್ತ ಹೆಂಗಸರು. ವಿಹಾರ ಮಾಡುವ ಮುನಿಸಂಘಗಳೂ ಇಂಥ ದಾರಿಗಳಲ್ಲಿಯೇ ನಡೆಯುತ್ತವೆ. ಇವರಲ್ಲಿ ಬಹುಪಾಲಿನವರು ಯಂತ್ರಕ್ಕೆ ‘ಬೇರೊಂದು ವಸ್ತು’ವೇ ಆಗಿಯಾರು.

ಹೀಗೆ ಎರಡು ಕಡೆಯೂ ಇಕ್ಕಟ್ಟು. ಬೇಲಿ ಹಾಕಿದರೆ ಹುಲ್ಲು ಹೋಗುತ್ತದೆ. ಬೇಲಿ ಹಾಕದಿದ್ದರೆ ಪ್ರಾಣ ಹೋಗಬಹುದು. ಹಳ್ಳಿಗನನ್ನು ಯಂತ್ರದಿಂದ ಕಾಪಾಡುವ ಗೋಡೆಯೇ ಅವನ ಕುರಿಯನ್ನು ಹಸಿವಿಗೆ ತಳ್ಳುತ್ತದೆ. ಪರೀಕ್ಷೆಯೇ ಬೇಡವೆಂದು ಕೈತೊಳೆದುಕೊಂಡರೆ ನಿಷ್ಪಾಪಿಗಳಾಗುತ್ತೇವೆಯೇ? ಹಾಗೆ ಹೇಳಲೂ ಬರುವುದಿಲ್ಲ. ಭಾರತದ ರಸ್ತೆಗಳಲ್ಲಿ 2022ನೆಯ ಒಂದೇ ವರ್ಷದಲ್ಲಿ 1,68,491 ಜನರು ಅಪಘಾತಗಳಿಂದ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ನಿದ್ದೆಗಣ್ಣಿನ ಚಾಲಕ, ಕುಡಿದ ಚಾಲಕ, ಮಾಲೀಕನ ಒತ್ತಾಯಕ್ಕೆ ಎರಡು ರಾತ್ರಿ ಕಣ್ಣುಮುಚ್ಚದ ಚಾಲಕ, ಇವರೆಲ್ಲರಿಂದ ಆಗುತ್ತಿರುವ ಹಿಂಸೆಯನ್ನು ತಗ್ಗಿಸಬಲ್ಲ ಯಂತ್ರವೊಂದು ಸಿದ್ಧವಾಗುವುದಾದರೆ ಅದನ್ನು ತಡೆಯುವುದರಲ್ಲಿಯೂ ಹಿಂಸೆಯ ಪಾಲುಂಟು. ಚಾಲಕನ ಅನ್ನದ ಪ್ರಶ್ನೆ ಬೇರೆಯೇ ಇದೆ, ಅದನ್ನು ಇಲ್ಲಿ ಎತ್ತುವುದಿಲ್ಲ.

ಇಕ್ಕಟ್ಟನ್ನು ಸಂಪೂರ್ಣವಾಗಿ ನಿವಾರಿಸಲಾಗದು, ಆದರೆ ಬಹುಮಟ್ಟಿಗೆ ಕಿರಿದುಗೊಳಿಸಬಹುದು. ಅದಕ್ಕೆ ಮೊದಲು ಕೇಳಬೇಕಾದದ್ದು: ಎಷ್ಟು ಬೇಕು? ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯವು 2015ರಲ್ಲಿ ತೆರೆದ ‘ಎಂಸಿಟಿ’ ಎಂಬ ಕೃತಕ ನಗರದಲ್ಲಿ ಚೌಕಗಳು, ಸಿಗ್ನಲ್ಲುಗಳು, ಮನೆಗಳ ಮುಂಬದಿಗಳು ಎಲ್ಲವೂ 32 ಎಕರೆಯಲ್ಲಿ ಅಡಕವಾಗಿವೆ. ಕಂದಿಯ ತಿಹಾನ್ ಕೇಂದ್ರವು ಸುಮಾರು 130 ಕೋಟಿ ರೂಪಾಯಿಯ ಯೋಜನೆಯಾದರೂ ಸಂಸ್ಥೆಯ 576 ಎಕರೆ ಆವರಣದ ಒಳಗಿನ ಒಂದು ಮೂಲೆಯಲ್ಲಿ ನೆಲೆಗೊಂಡಿದೆ. ವಾಹನವನ್ನು ನಿರ್ಮಿಸುವವರೇ ತಮ್ಮ ಆವರಣದಲ್ಲಿ ಅದರೊಡನೆ ಓಡಾಡುತ್ತಾರೆ. ಅಪಾಯದ ಮೊದಲ ಪಾಲು ಅವರದೇ ಆಗಿದೆ. ಇದು ಸರಿಯಾದ ಕ್ರಮ. ವಿಮಾನಕ್ಕೆ ಕಾರಿಗಿಂತ ಹೆಚ್ಚು ಬಯಲು ಬೇಕೆಂಬುದು ನಿಜ. ಆದರೆ ಬೆಂಗಳೂರಿನಲ್ಲಿ ಸುಮಾರು 400 ಎಕರೆಯಲ್ಲಿ ಒಂದು ಶತಮಾನಕ್ಕೂ ಮಿಕ್ಕಿ ಜಗನ್ಮಾನ್ಯವಾಗಿ ಬಾಳಿದ ವಿದ್ಯಾಸಂಸ್ಥೆಗೆ ಚಳ್ಳಕೆರೆಯಲ್ಲಿ 1,500 ಎಕರೆಯ ಹುಲ್ಲು ಏಕೆ ಬೇಕಾಯಿತೆಂದು ಕೇಳಿದರೆ, ಮುಂದೆ ಬೇಕಾದೀತು ಎಂಬುದಕ್ಕಿಂತ ಬಲವಾದ ಉತ್ತರ ನನಗೆ ತೋರುವುದಿಲ್ಲ. ಪರಿಗ್ರಹವು ವ್ಯಕ್ತಿಗಳಿಗೆ ಮಾತ್ರ ಅಂಟುವ ದೋಷವೆಂದು ನಾವು ಭಾವಿಸಿದ್ದೇವೆ. ‘ಮುಂದೆ ಬೇಕಾದೀತು’ ಎಂದು ಕೂಡಿಡುವ ಗೃಹಸ್ಥನಿಗೆ ಪರಿಮಾಣವ್ರತವಿದ್ದರೆ, ಅದೇ ಮಾತನ್ನಾಡುವ ಸಂಸ್ಥೆಗೆ ಏಕಿರಬಾರದು?

ಬಸವಕಲ್ಯಾಣ, ಹುಮನಾಬಾದ್ ತಾಲೂಕುಗಳ ಗಾಯರಾಣ ಭೂಮಿಗೆ ನಾಳೆ ಇಂಥದೊಂದು ಕೇಳಿಕೆ ಬಂದರೆ ಏನು ಮಾಡಬೇಕು? ಹೆದ್ದಾರಿ ಹತ್ತಿರವಿದೆ, ಸಮತಟ್ಟಾದ ಬಯಲಿದೆ, ಬರುವವರಿಗೆ ಕಾರಣಗಳು ಸಾಕಷ್ಟಿವೆ. ಕಾರಂಜಾ ಜಲಾಶಯಕ್ಕೆ ಹೊಲ ಕೊಟ್ಟವರು ನ್ಯಾಯವಾದ ಪರಿಹಾರಕ್ಕಾಗಿ ದಶಕಗಟ್ಟಲೆ ಅಲೆದದ್ದನ್ನು ಕಂಡ ಜಿಲ್ಲೆ ಇದು. ಅವರದು ಪಟ್ಟಾ ಭೂಮಿ, ಹಾಗಾಗಿ ಪರಿಹಾರವೆಂಬ ಮಾತಾದರೂ ಇತ್ತು. ಗಾಯರಾಣದಲ್ಲಿ ಕುರಿ ಮೇಯಿಸುವವನ ಹೆಸರು ಯಾವ ಪಹಣಿಯಲ್ಲಿಯೂ ಇರುವುದಿಲ್ಲ. ಕಾನೂನು ಅವನನ್ನು ಪೂರ್ತಿಯಾಗಿ ಮರೆತಿಲ್ಲ: ನಮ್ಮ ರಾಜ್ಯದ 1966ರ ಭೂಕಂದಾಯ ನಿಯಮಗಳು 100 ಜಾನುವಾರುಗಳಿಗೆ 12 ಹೆಕ್ಟೇರಿನಂತೆ ಉಚಿತ ಗೋಮಾಳವನ್ನು ಕಾದಿರಿಸಲು ಹೇಳುತ್ತವೆ; ಗ್ರಾಮಗಳ ಸಮುದಾಯ ಭೂಮಿ ಅನ್ಯರ ಪಾಲಾಗುತ್ತಿರುವುದನ್ನು ಸುಪ್ರೀಂ ಕೋರ್ಟು 2011ರ ಜನವರಿಯ ತೀರ್ಪೊಂದರಲ್ಲಿ ಕಟುವಾಗಿಯೇ ಖಂಡಿಸಿತು.

ಕೊಡುವುದಾದರೆ ಭೂಮಿಯನ್ನು ಕೊಡಬಾರದು, ಕಾಲವನ್ನು ಕೊಡಬೇಕು. ಅಮೃತಮಹಲ್ ಕಾವಲುಗಳನ್ನು ವಿಂಗಡಿಸಿದ ಹಳೆಯ ಮಂದಿ ಋತುವಿನ ಲೆಕ್ಕದಲ್ಲಿ ಹುಲ್ಲನ್ನು ಹಂಚಿದ್ದರು. ಆ ಬುದ್ಧಿ ಈಗಲೂ ಕೆಲಸಕ್ಕೆ ಬರುತ್ತದೆ. ಹುಲ್ಲು ಚಿಗುರುವ ಮಳೆಗಾಲದಲ್ಲಿ ಬಯಲು ಕುರಿಗಳದಾಗಿರಲಿ. ಸುಗ್ಗಿ ಮುಗಿದು ಹಿಂಡುಗಳು ಕೊಯ್ದ ಹೊಲಗಳಿಗೆ ಇಳಿಯುವ ತಿಂಗಳುಗಳಲ್ಲಿ ಒಂದು ಗೊತ್ತಾದ ತುಂಡಿನಲ್ಲಿ, ಕಲ್ಲುಗೋಡೆಯಿಲ್ಲದೆ, ಕಿತ್ತೊಯ್ಯಬಹುದಾದ ಬೇಲಿಯೊಳಗೆ ಯಂತ್ರಗಳು ಓಡಾಡಲಿ. ಒಪ್ಪಂದವು ವರ್ಷ ವರ್ಷಕ್ಕೆ ನವೀಕರಣವಾಗಬೇಕು, ಗ್ರಾಮಸಭೆ ಬೇಡವೆಂದರೆ ನಿಲ್ಲಬೇಕು. ವಾಹನ ಬೇಲಿಯನ್ನು ಮುರಿದು ಹೊರಬಂದರೆ ಯಾರು ಹೊಣೆಯೆಂಬುದು ಮೊದಲ ದಿನವೇ ಕನ್ನಡದಲ್ಲಿ ಬರೆದು ಚಾವಡಿಯ ಗೋಡೆಗೆ ಅಂಟಿಸಿದಂತಿರಬೇಕು; ಆ ಹೊಣೆ ಸಂಬಳದ ನೌಕರನ ತಲೆಯ ಮೇಲೆ ಇಳಿಯಬಾರದು. ಕೃಷ್ಣಮೃಗಗಳು ಓಡಾಡುವ ಜಾಗಗಳನ್ನು ಈ ಮಾತುಕತೆಯಿಂದ ಹೊರಗಿಡಬೇಕು, ಅವಕ್ಕೆ ಸಭೆಗೆ ಬರುವ ಉಪಾಯವಿಲ್ಲ.

ಬರಬಲ್ಲವರೂ ಬಾರದಂತೆ ಸಭೆ ಕರೆಯುವ ಒಂದು ರೂಢಿ ನಮ್ಮಲ್ಲಿದೆ. ಬೆಳಿಗ್ಗೆ ಹನ್ನೊಂದಕ್ಕೆ ಗ್ರಾಮಸಭೆ ಎಂದರೆ ಆ ಹೊತ್ತಿಗೆ ಕುರಿ ಕಾಯುವವನು ಎರಡು ಹರದಾರಿ ಆಚೆ ಇರುತ್ತಾನೆ, ಹೆಂಗಸರು ಕಳೆ ತೆಗೆಯುತ್ತಿರುತ್ತಾರೆ. ಹಾಜರಿ ಪುಸ್ತಕದಲ್ಲಿ ಸಹಿ ಬೀಳುವುದು ಊರಲ್ಲಿ ಕುಳಿತವರದು. ಈ ವಿಷಯದ ಸಭೆಯನ್ನು ಹಿಂಡು ಹಟ್ಟಿಗೆ ಸೇರಿದ ಮೇಲೆ, ದೀಪ ಹಚ್ಚುವ ಹೊತ್ತಿಗೆ ಕರೆಯಬೇಕು.